ಹಳೆಯ ಮನೆಯ ನೆಲ ಬದಲಿಸುವುದು: ಮಟ್ಟ, ತೇವ ಮತ್ತು ಭಾರದ ಲೆಕ್ಕದಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ನೆಲ ಬದಲಿಸಬೇಕೆಂದು ತೀರ್ಮಾನವಾದ ಕೂಡಲೇ ಮನೆಯವರೆಲ್ಲ ಟೈಲ್ಸ್ ಅಂಗಡಿಗೆ ಹೊರಡುವುದು ರೂಢಿ. ಹೊಸದಾಗಿ ಕಟ್ಟುತ್ತಿರುವ ಮನೆಗೆ ಈ ಕ್ರಮದಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಬಾಗಿಲು, ಮೆಟ್ಟಿಲು, ಬಚ್ಚಲು ಎಲ್ಲವನ್ನೂ ಮುಂದೆ ಬರಲಿರುವ ನೆಲದ ಮಟ್ಟಕ್ಕೆ ಹೊಂದಿಸಿಯೇ ಕೂರಿಸುತ್ತಾರೆ. ಕಟ್ಟಿ 40–50 ವರ್ಷ ಕಳೆದ ಮನೆಯಲ್ಲಿ ಮಾತು ಬೇರೆ. ಅಲ್ಲಿ ಬಾಗಿಲುಗಳು, ಹೊಸ್ತಿಲುಗಳು, ಮೆಟ್ಟಿಲುಗಳು, ಗೋಡೆಯ ಬೀರುಗಳು, ಬಚ್ಚಲಿನ ವಾಟ ಎಲ್ಲವೂ ಈಗಿರುವ ನೆಲಕ್ಕೆ ಹೊಂದಿಕೊಂಡಿರುತ್ತವೆ. ನೆಲ ಒಂದೂವರೆ ಅಂಗುಲ ಮೇಲೆದ್ದರೆ ಆ ಒಂದೂವರೆ ಅಂಗುಲ ಮನೆಯ ಮೂಲೆಮೂಲೆಗೂ ಹರಡುತ್ತದೆ.

ಇದನ್ನು ನಾನು ಕಲಿತದ್ದು ಮೈಸೂರಿನಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆಯಲ್ಲಿ. ಹಜಾರದ ಮೊಸಾಯಿಕ್ ನೆಲದ ಮೇಲೆಯೇ ಗಾರೆ ಹಾಕಿ ಹೊಸ ಟೈಲ್ ಹಾಸಿಸಿದೆವು. ಕೆಲಸ ಮುಗಿದ ಮೇಲೆ ನಾಲ್ಕು ತೇಗದ ಬಾಗಿಲುಗಳ ಕೆಳಭಾಗವನ್ನು ಕೊಯ್ಯಬೇಕಾಯಿತು, ಮೆಟ್ಟಿಲಿನ ಮೊದಲ ಹಂತ ಗಿಡ್ಡದಾಯಿತು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಗಳ ಕೆಳಗಿನ ಬಣ್ಣ ಚಕ್ಕೆಚಕ್ಕೆಯಾಗಿ ಉದುರತೊಡಗಿತು. ಟೈಲ್‌ನ ಬಣ್ಣಕ್ಕಾಗಿ ನಾವು ಮೂರು ವಾರ ಚರ್ಚಿಸಿದ್ದೆವು; ಮಟ್ಟದ ಬಗ್ಗೆ ಒಂದು ಗಂಟೆಯೂ ಕುಳಿತು ಯೋಚಿಸಿರಲಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಟೈಲ್ ಅಂಗಡಿ ಬರುವುದು ಅರ್ಧ ದಾರಿ ಕ್ರಮಿಸಿದ ಮೇಲೆ.

ಈಗಿರುವ ನೆಲ ಯಾವುದು, ಅದರ ಕೆಳಗೆ ಏನಿದೆ

ನಮ್ಮ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ನೆಲಗಳು ಕೆಲವೇ. ದಕ್ಷಿಣ ಕರ್ನಾಟಕದಲ್ಲಿ ರೆಡ್ ಆಕ್ಸೈಡ್ ನೆಲ, ಮೊಸಾಯಿಕ್ ನೆಲ ಮತ್ತು ಕಡಪ ಕಲ್ಲಿನ ನೆಲ ಹೆಚ್ಚು. ಕಲಬುರಗಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಶಹಾಬಾದ್ ಕಲ್ಲಿನ ಫರ್ಸಿ. ಕರಾವಳಿಯಲ್ಲಿ ರೆಡ್ ಆಕ್ಸೈಡ್ ಜೊತೆಗೆ ಸುಟ್ಟ ಮಣ್ಣಿನ ನೆಲಹೆಂಚು. ಇನ್ನೂ ಹಳೆಯ ಮನೆಗಳಲ್ಲಿ ಸುಣ್ಣದ ಗಾರೆಯ ನೆಲವೂ ಇರುತ್ತದೆ. ಕೋಣೆಯಿಂದ ಕೋಣೆಗೆ ನೆಲ ಬೇರೆಯಾಗಿರುವುದೂ ಉಂಟು: ಹಜಾರಕ್ಕೆ ಮೊಸಾಯಿಕ್, ಒಳಕೋಣೆಗಳಿಗೆ ರೆಡ್ ಆಕ್ಸೈಡ್, ಅಡುಗೆಮನೆಗೆ ಕಡಪ. ಹಾಗಾಗಿ ಮನೆಯ ಒಂದು ನಕ್ಷೆಯನ್ನು ಕೈಯಲ್ಲೇ ಬರೆದು, ಪ್ರತಿ ಕೋಣೆಯ ನೆಲದ ಬಗೆ, ಬಿರುಕು, ತಗ್ಗು, ಒದ್ದೆಯ ಕಲೆ ಇವನ್ನು ಅದರಲ್ಲಿ ಗುರುತಿಸಿಕೊಳ್ಳಿ. ಮುಂದಿನ ಎಲ್ಲ ಹಂತಗಳಿಗೂ ಈ ಹಾಳೆಯೇ ಆಧಾರ.

ನಂತರ ಒಂದು ಮರದ ಕೊಡತಿ ಅಥವಾ ಕೋಲು ಹಿಡಿದು ನೆಲವನ್ನು ಒಂದೊಂದು ಅಡಿಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ನೆಲದ ಸದ್ದು ಮಂದವಾಗಿ, ಚಿಕ್ಕದಾಗಿ ಕೇಳಿಸುತ್ತದೆ. ಟೊಳ್ಳಾದ ಕಡೆ ಡಬಡಬ ಎನ್ನುತ್ತದೆ. ಟೊಳ್ಳಿಗೆ ಎರಡು ಕಾರಣಗಳಿರಬಹುದು. ಮೇಲಿನ ಪದರ ಮಾತ್ರ ಕೆಳಗಿನ ಕಾಂಕ್ರೀಟಿನಿಂದ ಬಿಟ್ಟುಕೊಂಡಿದ್ದರೆ ಅದು ಸಣ್ಣ ವಿಷಯ. ಆದರೆ ನೆಲದಡಿಯ ಮಣ್ಣೇ ಕುಸಿದಿದ್ದರೆ, ಅಥವಾ ಹೆಗ್ಗಣಗಳು ಬಿಲ ತೋಡಿದ್ದರೆ, ಅದರ ಮೇಲೆ ಎಷ್ಟು ಬೆಲೆಬಾಳುವ ನೆಲ ಹಾಸಿದರೂ ಎರಡು ಮೂರು ವರ್ಷಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಗೋಡೆ ಮತ್ತು ನೆಲ ಸೇರುವಲ್ಲಿ ಸಂದು ಬಾಯ್ಬಿಟ್ಟಿದ್ದರೆ, ಚರಂಡಿಯ ಪಕ್ಕದ ಕೋಣೆಯಲ್ಲಿ ನೆಲ ಒಂದು ಕಡೆಗೆ ವಾಲಿದ್ದರೆ, ಎರಡನೆಯ ಕಾರಣವನ್ನೇ ಶಂಕಿಸಬೇಕು. ಅಂಥ ಕಡೆ ಒಂದು ಅಡಿ ಚದರದಷ್ಟು ನೆಲ ಬಿಡಿಸಿ ನೋಡಿಸಿದರೆ ಮೇಲಿನ ಪದರದ ದಪ್ಪ, ಕಾಂಕ್ರೀಟಿನ ದಪ್ಪ, ಅದು ಸುಣ್ಣದ್ದೋ ಸಿಮೆಂಟಿನದ್ದೋ, ಮಣ್ಣು ಗಟ್ಟಿಯಾಗಿದೆಯೋ ಎಂಬುದೆಲ್ಲ ಒಮ್ಮೆಗೇ ತಿಳಿಯುತ್ತದೆ. ಈ ಪರೀಕ್ಷಾ ಗುಂಡಿಯನ್ನು ಮಂಚದ ಕೆಳಗೋ ಬೀರುವಿನ ಹಿಂದೆಯೋ ಮಾಡಿಸಿದರೆ, ಕೊನೆಗೆ ನೆಲವನ್ನು ಉಳಿಸಿಕೊಳ್ಳಲು ತೀರ್ಮಾನಿಸಿದರೂ ನೋಡಲು ಕೆಡುವುದಿಲ್ಲ.

ತೇವವನ್ನು ಮಳೆಗಾಲದಲ್ಲಿ ಅಳೆಯಿರಿ

ಕಟ್ಟಡದ ಕೆಲಸಕ್ಕೆ ಬೇಸಿಗೆ ಒಳ್ಳೆಯದು, ಆದರೆ ತೇವದ ಪರೀಕ್ಷೆಗೆ ಮಳೆಗಾಲವೇ ಬೇಕು. ಏಪ್ರಿಲ್‌ನಲ್ಲಿ ಒಣಗಿ ಗರಿಗರಿಯಾಗಿ ಕಾಣುವ ನೆಲ ಆಗಸ್ಟ್‌ನಲ್ಲಿ ತನ್ನ ನಿಜವನ್ನು ತೋರಿಸುತ್ತದೆ. ಸುಮಾರು ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ದಿನ ಪೂರ್ತಿ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ. ಪ್ರತಿ ಕೋಣೆಯಲ್ಲೂ ಗೋಡೆಯ ಪಕ್ಕ ಒಂದು ಕಡೆ, ನಡುವೆ ಒಂದು ಕಡೆ ಹೀಗೆ ಮಾಡಿ ನೋಡಬೇಕು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹಳೆಯ ಮನೆಗಳ ಗೋಡೆಗಳನ್ನು ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಲ್ಲು, ಇಟ್ಟಿಗೆಗಳಿಂದ ಕಟ್ಟಿರುತ್ತಾರೆ. ಅನೇಕ ಮನೆಗಳಲ್ಲಿ ಅಡಿಪಾಯ ಮತ್ತು ಗೋಡೆಯ ನಡುವೆ ತೇವ ತಡೆಯುವ ಪದರವೇ ಇರುವುದಿಲ್ಲ. ಸುಣ್ಣದ ಗಾರೆ, ನೆಲಹೆಂಚು, ಕಲ್ಲುಚಪ್ಪಡಿಗಳ ಸಂದು ಇವೆಲ್ಲ ನೆಲದಡಿಯ ತೇವವನ್ನು ಸ್ವಲ್ಪಸ್ವಲ್ಪವಾಗಿ ಆವಿಯಾಗಲು ಬಿಡುತ್ತವೆ. ಅಂಥ ನೆಲವನ್ನು ತೆಗೆದು ನೀರನ್ನು ಹೀರದ ವಿಟ್ರಿಫೈಡ್ ಟೈಲ್‌ನಿಂದ ಗೋಡೆಯಿಂದ ಗೋಡೆಗೆ ಮುಚ್ಚಿದಾಗ ಆ ತೇವಕ್ಕೆ ಉಳಿಯುವ ದಾರಿ ಗೋಡೆ ಮಾತ್ರ. ಹೊಸ ನೆಲ ಹಾಸಿದ ಮನೆಯಲ್ಲಿ ಸ್ಕರ್ಟಿಂಗ್‌ನ (ಗೋಡೆಯ ಬುಡಕ್ಕೆ ಕೂರಿಸುವ ಪಟ್ಟಿ) ಮೇಲೆ ಒಂದೆರಡು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊರಬಂದು, ಪ್ಲಾಸ್ಟರ್ ಉದುರುವುದು ಇದರಿಂದಲೇ. ಎಷ್ಟು ಸಲ ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ.

ಪರೀಕ್ಷೆಯಲ್ಲಿ ತೇವ ಕಂಡರೆ ಮೊದಲು ಹೊರಗಿನ ಕಾರಣಗಳನ್ನು ನಿವಾರಿಸಬೇಕು: ಗೋಡೆಗೆ ತಾಗಿದ ಹೂವಿನ ಪಾತಿ, ಗೋಡೆಯ ಕಡೆಗೇ ವಾಟವಿರುವ ಅಂಗಳ, ಸೋರುವ ಚರಂಡಿ ಕೊಳವೆ, ಬಿರುಕು ಬಿಟ್ಟ ನೀರಿನ ಸಂಪು, ವರ್ಷ ವರ್ಷ ಟಾರು ಬಿದ್ದು ಮನೆಯ ಮಟ್ಟಕ್ಕೇ ಏರಿ ನಿಂತ ರಸ್ತೆ. ಇವು ಸರಿಯಾದ ಮೇಲೂ ತೇವ ಉಳಿದರೆ, ಸುಣ್ಣದ ಗೋಡೆಯ ಮನೆಗೆ ಕಲ್ಲಿನ ನೆಲವನ್ನೋ ಸುಟ್ಟ ಮಣ್ಣಿನ ನೆಲಹೆಂಚನ್ನೋ ಆರಿಸುವುದು ಜಾಣತನ ಎಂಬುದು ನನ್ನ ದೃಢ ಅಭಿಪ್ರಾಯ.

ಮಟ್ಟದ ಲೆಕ್ಕ

ಈ ಹಂತಕ್ಕೆ ಒಂದು ಪೂರ್ಣ ದಿನ ಮೀಸಲಿಡಿ. ಪಾರದರ್ಶಕ ಲೆವೆಲ್ ಟ್ಯೂಬಿನಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಮುಂಬಾಗಿಲ ಪಕ್ಕದ ಗೋಡೆಯಲ್ಲಿ ನೆಲದಿಂದ ಮೂರು ಅಡಿ ಎತ್ತರಕ್ಕೆ ಒಂದು ಗುರುತು ಹಾಕಿ, ಅದೇ ನೀರಿನ ಮಟ್ಟವನ್ನು ಮನೆಯ ಎಲ್ಲ ಕೋಣೆಗಳ ಗೋಡೆಗಳಿಗೂ ಒಯ್ಯಬೇಕು. ಲೇಸರ್ ಲೆವೆಲ್ ಸಿಕ್ಕರೆ ಕೆಲಸ ಇನ್ನೂ ಬೇಗ ಆಗುತ್ತದೆ. ಆ ಗುರುತಿನಿಂದ ಕೆಳಗೆ ನೆಲದವರೆಗಿನ ಅಂತರವನ್ನು ಪ್ರತಿ ಕೋಣೆಯ ನಾಲ್ಕು ಮೂಲೆ ಮತ್ತು ನಡುವೆ ಅಳೆದು ನಕ್ಷೆಯಲ್ಲಿ ಬರೆದುಕೊಳ್ಳಿ. ಕಣ್ಣಿಗೆ ಸಮತಟ್ಟಾಗಿ ಕಾಣುವ ಹಳೆಯ ನೆಲದಲ್ಲಿ ಮುಕ್ಕಾಲು ಅಂಗುಲ, ಒಂದು ಅಂಗುಲದ ವ್ಯತ್ಯಾಸ ಸಿಗುವುದು ಅಪರೂಪವಲ್ಲ, ಮತ್ತು ಹೊಸ ನೆಲವು ಅತಿ ಎತ್ತರದ ಬಿಂದುವಿಗಿಂತ ಮೇಲೆಯೇ ಬರಬೇಕಾದ್ದರಿಂದ ತಗ್ಗಿನ ಕಡೆ ಗಾರೆಯ ದಪ್ಪ ನಿಮ್ಮ ಊಹೆಯನ್ನು ಮೀರುತ್ತದೆ.

ಆಮೇಲೆ ಹೊಸ ನೆಲದ ಒಟ್ಟು ದಪ್ಪವನ್ನು ಕೂಡಿಸಬೇಕು. ಗಾರೆಯ ಹಾಸು ಸುಮಾರು ಒಂದರಿಂದ ಒಂದೂವರೆ ಅಂಗುಲ, ಟೈಲ್ ಆದರೆ 10 ಮಿಲಿಮೀಟರ್ ಆಸುಪಾಸು, ಗ್ರಾನೈಟ್ ಆದರೆ 18 ಮಿಲಿಮೀಟರ್ ಆಸುಪಾಸು. ಹಳೆಯ ನೆಲದ ಮೇಲೆಯೇ ಅಂಟಿನಿಂದ ಟೈಲ್ ಹಾಸಿದರೆ ಒಟ್ಟು ಏರಿಕೆ 15 ಮಿಲಿಮೀಟರ್, ಅಂದರೆ ಅರ್ಧ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಈ ಸಂಖ್ಯೆಯನ್ನು ಹಿಡಿದುಕೊಂಡು ಮನೆಯನ್ನು ಒಂದು ಸುತ್ತು ಹಾಕಿ, ಅದು ತಾಗುವ ಒಂದೊಂದು ಜಾಗವನ್ನೂ ಪರೀಕ್ಷಿಸಬೇಕು.

ಬಾಗಿಲುಗಳಿಂದ ಆರಂಭಿಸಿ. ಒಳಗೆ ತೆರೆಯುವ ಪ್ರತಿ ಬಾಗಿಲಿನ ಕೆಳಗೆ ಈಗ ಎಷ್ಟು ಸಂದಿದೆ, ಎಷ್ಟು ಕೊಯ್ಯಬೇಕಾದೀತು, ಕೊಯ್ದರೆ ಕೆಳಗಿನ ಅಡ್ಡಪಟ್ಟಿ ತೀರಾ ತೆಳ್ಳಗಾಗುವುದಿಲ್ಲವೇ ಎಂದು ನೋಡಬೇಕು. ಹಲಗೆ ಕೂರಿಸಿದ ಹಳೆಯ ಬಾಗಿಲುಗಳಲ್ಲಿ ಆ ಪಟ್ಟಿಯೇ ಬಾಗಿಲಿನ ಬಲ. ಕೆಳಚಿಲಕದ ರಂಧ್ರಗಳನ್ನು ಹೊಸ ನೆಲದಲ್ಲಿ ಮತ್ತೆ ಕೊರೆಯಬೇಕಾಗುತ್ತದೆ. ನೆಲಕ್ಕೆ ತಾಗಿ ತೆರೆಯುವ ಗೋಡೆಬೀರುಗಳ ಬಾಗಿಲನ್ನು ಎಲ್ಲರೂ ಮರೆಯುತ್ತಾರೆ. ಹೊಸ್ತಿಲಿನ ವಿಷಯದಲ್ಲಿ ನನ್ನ ಸಲಹೆ ಒಂದೇ: ಅರಿಸಿನ ಕುಂಕುಮ ಹಚ್ಚಿ ಪೂಜಿಸಿಕೊಂಡು ಬಂದ ಹೊಸ್ತಿಲನ್ನು ನೆಲದಲ್ಲಿ ಹೂತುಹಾಕುವಂತೆ ಮಟ್ಟ ನಿರ್ಧರಿಸಬೇಡಿ. ಹೊಸ್ತಿಲು ಕನಿಷ್ಠ ಒಂದು ಅಂಗುಲವಾದರೂ ಮೇಲೆ ಕಾಣುತ್ತಿರಬೇಕು. ಹಾಗೆ ಕಾಣದೆ ಅರ್ಧ ಅಂಗುಲ ಮಾತ್ರ ಉಳಿದರೆ ಅದು ಎಡವುವ ಜಾಗವೂ ಆಗುತ್ತದೆ.

ಮೆಟ್ಟಿಲು ಇನ್ನೂ ಗಂಭೀರ. ಆರಂಗುಲ ಎತ್ತರದ ಮೆಟ್ಟಿಲುಗಳಿರುವ ಮನೆಯಲ್ಲಿ ಕೆಳಗಿನ ನೆಲ ಒಂದೂವರೆ ಅಂಗುಲ ಏರಿದರೆ ಮೊದಲ ಮೆಟ್ಟಿಲು ನಾಲ್ಕೂವರೆ ಅಂಗುಲಕ್ಕಿಳಿಯುತ್ತದೆ. ಮೇಲಂತಸ್ತಿನ ನೆಲವೂ ಅಷ್ಟೇ ಏರಿದರೆ ಕೊನೆಯ ಮೆಟ್ಟಿಲು ಏಳೂವರೆ ಅಂಗುಲವಾಗುತ್ತದೆ. ಕಾಲು ಪ್ರತಿ ಹೆಜ್ಜೆಯನ್ನೂ ಹಿಂದಿನದರ ಎತ್ತರಕ್ಕೇ ಎತ್ತುತ್ತದೆ, ಆದ್ದರಿಂದ ವಯಸ್ಸಾದವರು ಎಡವಿ ಬೀಳುವುದು ಇಂಥ ಅಸಮ ಮೆಟ್ಟಿಲುಗಳಲ್ಲಿಯೇ. ಎಲ್ಲ ಮೆಟ್ಟಿಲುಗಳಿಗೂ ಅಷ್ಟೇ ದಪ್ಪದ ಹೊಸ ಹಾಸು ಕೊಡಲು ಸಾಧ್ಯವಾದರೆ ಮಾತ್ರ ನೆಲವನ್ನು ಏರಿಸಿ. ಇಲ್ಲವಾದರೆ ಹಳೆಯ ನೆಲವನ್ನು ಬಿಡಿಸಿಯೇ ಕೆಲಸ ಮಾಡಬೇಕು.

ಬಚ್ಚಲಿನ ನೆಲ ಪಕ್ಕದ ಕೋಣೆಗಿಂತ ಅರ್ಧದಿಂದ ಒಂದು ಅಂಗುಲ ಕೆಳಗಿರಬೇಕು. ಹಜಾರವನ್ನು ಏರಿಸಿ ಬಚ್ಚಲನ್ನು ಹಾಗೇ ಬಿಟ್ಟರೆ ತೊಂದರೆಯಿಲ್ಲ. ಬಚ್ಚಲನ್ನು ಏರಿಸಿ ಹಜಾರವನ್ನು ಬಿಟ್ಟರೆ ನೀರು ಒಳಗೆ ನುಗ್ಗುತ್ತದೆ. ಬಾಲ್ಕನಿ ಮತ್ತು ತಾರಸಿಯ ಬಾಗಿಲಿಗೂ ಇದೇ ನಿಯಮ. ಅಡುಗೆಮನೆಯ ಕಟ್ಟೆಯನ್ನು ಬದಲಿಸದೆ ನೆಲವನ್ನು ಮಾತ್ರ ಏರಿಸಿದರೆ ಕಟ್ಟೆ ಅಷ್ಟೇ ಗಿಡ್ಡವಾಗಿ, ದಿನವೂ ಅಲ್ಲಿ ನಿಲ್ಲುವವರ ಬೆನ್ನಿಗೆ ಅದರ ಹೊರೆ ಬೀಳುತ್ತದೆ.

ಮೇಲಂತಸ್ತಿನ ಭಾರ

ನೆಲಮಹಡಿಯಲ್ಲಿ ಭಾರವನ್ನು ಭೂಮಿ ಹೊರುತ್ತದೆ; ಮಾಳಿಗೆಯಲ್ಲಿ ಅದನ್ನು ಸೂರು ಹೊರಬೇಕು. ಒಂದು ಉದಾಹರಣೆ ನೋಡೋಣ. 12 ಅಡಿ ಅಗಲ, 15 ಅಡಿ ಉದ್ದದ ಕೋಣೆ ಎಂದರೆ 180 ಚದರ ಅಡಿ, ಅಂದರೆ ಸುಮಾರು 16.7 ಚದರ ಮೀಟರ್. ಹಳೆಯ ನೆಲದ ಮೇಲೆ 40 ಮಿಲಿಮೀಟರ್ ಸಿಮೆಂಟ್ ಗಾರೆ ಹಾಸಿ 10 ಮಿಲಿಮೀಟರ್ ಟೈಲ್ ಕೂರಿಸಿದರೆ ಚದರ ಮೀಟರಿಗೆ 105ರಿಂದ 110 ಕಿಲೋ ಸೇರುತ್ತದೆ. ಇಡೀ ಕೋಣೆಗೆ ಸುಮಾರು 1,800 ಕಿಲೋ. ವಾಸದ ಮನೆಗಳ ಮಹಡಿಯ ಮೇಲೆ ಜನ, ಪೀಠೋಪಕರಣಗಳೆಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕಿಲೋ ಬರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ ನಾವು ಹೊಸ ನೆಲವೊಂದರಿಂದಲೇ ಅದರ ಅರ್ಧವನ್ನು ತಿಂದುಹಾಕಿದಂತೆ. ಇದೇ ಕೋಣೆಗೆ ಅಂಟಿನಿಂದ ತೆಳುವಾಗಿ ಟೈಲ್ ಹಾಸಿದರೆ ಒಟ್ಟು ಸೇರುವುದು ಸುಮಾರು 500 ಕಿಲೋ ಮಾತ್ರ.

ಮಾಳಿಗೆಯ ತಳ ಮದ್ರಾಸ್ ತಾರಸಿಯಾಗಿದ್ದರೆ, ಅಂದರೆ ಮರದ ತೊಲೆ, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದರೆ, ಅಲ್ಲಿ ಗಾರೆಯ ಹಾಸನ್ನಾಗಲಿ ಗ್ರಾನೈಟನ್ನಾಗಲಿ ಯೋಚಿಸಲೇಬಾರದು. ಒಡೆಯುವ ಯಂತ್ರದ ಅದುರಿಕೆಯೂ ಅದಕ್ಕೆ ಅಪಾಯ. ಕೆಳಗಿನ ಕೋಣೆಯಲ್ಲಿ ನಿಂತು ಜಂತೆಗಳು ಗೋಡೆಯೊಳಗೆ ಸೇರುವ ತುದಿಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೆದ್ದಲು ಮತ್ತು ಕೊಳೆತ ಆರಂಭವಾಗುವುದು ಅಲ್ಲಿಂದಲೇ. ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಸೂರಿನಲ್ಲೂ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರಿದ ಗುರುತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಕೆಲಸ ಹಿಡಿಯಬೇಡಿ. ಈ ಒಂದು ವಿಷಯದಲ್ಲಿ ಮೇಸ್ತ್ರಿಯ ಅನುಭವ, ಅದು ಎಷ್ಟೇ ದೊಡ್ಡದಿರಲಿ, ಸಾಲದು.

ಉಳಿಸುವುದೋ, ಮೇಲೆ ಹಾಸುವುದೋ, ಒಡೆಯುವುದೋ

ಇಷ್ಟು ತಿಳಿದ ಮೇಲೆ ತೀರ್ಮಾನ ಸುಲಭವಾಗುತ್ತದೆ. ಮೊಸಾಯಿಕ್ ನೆಲ ಗಟ್ಟಿಯಾಗಿದ್ದು ಬರೀ ಮಂಕಾಗಿದ್ದರೆ ಯಂತ್ರದಿಂದ ಮತ್ತೆ ಪಾಲಿಶ್ ಮಾಡಿಸಿ. ಕಲ್ಲಿನ ಚೂರುಗಳ ಆ ಮೇಲ್ಮೈ ಇನ್ನೂ ಹಲವು ವರ್ಷ ಬಾಳುತ್ತದೆ. ರೆಡ್ ಆಕ್ಸೈಡ್ ನೆಲದ ಕೂದಲೆಳೆಯ ಬಿರುಕುಗಳು ಅದರ ಸ್ವಭಾವವೇ ಹೊರತು ರೋಗವಲ್ಲ. ಇಡೀ ನೆಲ ಕುಸಿದಿದ್ದರೆ ಮಾತ್ರ ಅದನ್ನು ತೆಗೆಯಿರಿ, ಏಕೆಂದರೆ ಹಳೆಯ ಹೊಳಪಿನಲ್ಲಿ ಅದನ್ನು ಮತ್ತೆ ಹಾಕಬಲ್ಲ ಕೈಗಳು ಈಗ ಕಡಿಮೆ. ಅರ್ಧ ಶತಮಾನ ಜನ ಓಡಾಡಿ, ಒರೆಸಿ ನುಣುಪಾದ ನೆಲದ ತಂಪು ಕೊಂಡು ತರುವಂಥದ್ದಲ್ಲ.

ನೆಲ ಎಲ್ಲ ಕಡೆ ಗಟ್ಟಿಯಾಗಿದ್ದು, ತೇವವಿಲ್ಲದೆ, ಅರ್ಧ ಅಂಗುಲದ ಏರಿಕೆಯನ್ನು ಬಾಗಿಲು ಮೆಟ್ಟಿಲುಗಳು ತಾಳಿಕೊಳ್ಳುವುದಾದರೆ ಅದರ ಮೇಲೆಯೇ ಅಂಟಿನಿಂದ ಟೈಲ್ ಹಾಸಬಹುದು. ಧೂಳು, ಕಸ, ಖರ್ಚು, ದಿನಗಳು ಎಲ್ಲವೂ ಕಡಿಮೆ. ಆದರೆ ದಶಕಗಳ ಮೇಣ ಮತ್ತು ಎಣ್ಣೆ ಕುಡಿದ ರೆಡ್ ಆಕ್ಸೈಡ್ ನೆಲಕ್ಕೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಮೇಲ್ಮೈಯನ್ನು ಯಂತ್ರದಿಂದ ಉಜ್ಜಿ ಒರಟು ಮಾಡುವುದು ಕಡ್ಡಾಯ. ಟೊಳ್ಳಿದ್ದರೆ, ಕುಸಿತವಿದ್ದರೆ, ನೆಲದಡಿಯ ಕೊಳವೆಗಳನ್ನು ಬದಲಿಸಬೇಕಿದ್ದರೆ ಒಡೆಯುವುದೊಂದೇ ದಾರಿ.

ವಸ್ತುವಿನ ಆಯ್ಕೆ ಮತ್ತು ಖರೀದಿ

ವಿಟ್ರಿಫೈಡ್ ಟೈಲ್ ಹೀರುವ ನೀರು ತನ್ನ ತೂಕದ 0.5%ಕ್ಕಿಂತ ಕಡಿಮೆ. ಕಲೆ ಹಿಡಿಯದಿರುವುದು ಇದರ ಗುಣ. ಬರೀ ಸಿಮೆಂಟ್ ಹಾಲಿಗೆ ಸರಿಯಾಗಿ ಅಂಟದಿರುವುದು ಇದೇ ಗುಣದ ಇನ್ನೊಂದು ಮುಖ. ಆದ್ದರಿಂದ ಇದಕ್ಕೆ ಟೈಲ್ ಅಂಟನ್ನೇ ಬಳಸಬೇಕು. ಭಾರತೀಯ ಮಾನಕ 15477 ಈ ಅಂಟುಗಳನ್ನು ಬಗೆಗಳಾಗಿ ವಿಂಗಡಿಸಿದೆ. ಹಳೆಯ ನೆಲದ ಮೇಲೆ ಹಾಸಲು ತಕ್ಕದ್ದೆಂದು ಚೀಲದ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಬಚ್ಚಲು ಮತ್ತು ಅಂಗಳಕ್ಕೆ ನುಣುಪು ಟೈಲ್ ಬೇಡ. ಜಾರದ ಗುಣವನ್ನು ಆರ್-10, ಆರ್-11 ಎಂದು ಗುರುತಿಸಿರುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಮನೆಯಲ್ಲಿ ವೃದ್ಧರಿದ್ದರೆ ಹಜಾರಕ್ಕೂ ಮಂಕು ಮೇಲ್ಮೈಯ ಟೈಲನ್ನೇ ಆರಿಸಿ.

ಗ್ರಾನೈಟ್ ಗಟ್ಟಿ ಕಲ್ಲು, ಗೀರು ಬೀಳುವುದು ಕಡಿಮೆ, ಆದರೆ ಭಾರ. ಶಹಾಬಾದ್ ಮತ್ತು ಕಡಪ ಎರಡೂ ಸುಣ್ಣಕಲ್ಲಿನ ಜಾತಿಗೆ ಸೇರಿದ್ದರಿಂದ ನಿಂಬೆರಸ, ಹುಣಸೆಹುಳಿ, ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಮಿಕ್ಕಂತೆ ಬೆಲೆ, ತಂಪು, ಬಾಳಿಕೆ ಮೂರರಲ್ಲೂ ಹಳೆಯ ಮನೆಗೆ ಒಪ್ಪುವ ಕಲ್ಲುಗಳಿವು. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳನ್ನು ತೇವವಿರುವ ನೆಲಮಹಡಿಗೆ ನಾನು ಸೂಚಿಸುವುದಿಲ್ಲ.

ಎಷ್ಟು ಕೊಳ್ಳಬೇಕೆಂಬ ಲೆಕ್ಕವನ್ನು ನೀವೇ ಮಾಡಿ. ಮೇಲಿನ 180 ಚದರ ಅಡಿಯ ಕೋಣೆಗೆ ಎರಡಡಿಗೆ ತುಸು ಕಡಿಮೆ (600 ಮಿಲಿಮೀಟರ್) ಚದರದ ಟೈಲ್ ಎಂದಿಟ್ಟುಕೊಳ್ಳಿ. ಕತ್ತರಿಸಿ ಹಾಳಾಗುವುದಕ್ಕೆ 8% ಸೇರಿಸಿದರೆ ಸುಮಾರು 194 ಚದರ ಅಡಿ. ನಾಲ್ಕು ಟೈಲ್‌ಗಳ ಒಂದು ಪೆಟ್ಟಿಗೆ 15.5 ಚದರ ಅಡಿ ಬರುವುದರಿಂದ 13 ಪೆಟ್ಟಿಗೆ ಬೇಕು. ಎರಡು ಬಾಗಿಲುಗಳ ಅಗಲ ಕಳೆದು ಗೋಡೆಯುದ್ದ 48 ಅಡಿ ಉಳಿದರೆ, ನಾಲ್ಕಂಗುಲಕ್ಕೆ ಸ್ವಲ್ಪ ಕಡಿಮೆ ಎತ್ತರದ ಸ್ಕರ್ಟಿಂಗ್‌ಗೆ ಇನ್ನೊಂದು ಪೆಟ್ಟಿಗೆ. ಮುಂದಿನ ದುರಸ್ತಿಗೆಂದು ಒಂದು ಪೆಟ್ಟಿಗೆ ಸೇರಿ ಒಟ್ಟು 15. ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಶೇಡ್ ಸಂಖ್ಯೆ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿ. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಎರಡು ಬ್ಯಾಚ್‌ಗಳು ಕಿಟಕಿಯ ಬೆಳಕಿನಲ್ಲಿ ಬೇರೆಯಾಗಿಯೇ ಕಾಣುತ್ತವೆ.

ಮೇಸ್ತ್ರಿಯೊಂದಿಗಿನ ಮಾತು ಬರವಣಿಗೆಯಲ್ಲಿರಲಿ

ಚದರ ಅಡಿಗೆ ಇಷ್ಟು ಎಂಬ ಒಂದೇ ದರದಲ್ಲಿ ಮಾತು ಮುಗಿಸಿದರೆ ಮುಂದೆ ಮನಸ್ತಾಪ ಖಚಿತ. ಒಡೆಯುವುದು, ಕಸ ಸಾಗಿಸುವುದು, ತಳದ ಕಾಂಕ್ರೀಟ್, ಹಾಸುವುದು, ಸ್ಕರ್ಟಿಂಗ್, ಮೆಟ್ಟಿಲಿನ ಅಂಚು ಉರುಟು ಮಾಡುವುದು, ಸಂದು ತುಂಬುವುದು, ಬಾಗಿಲು ಕೊಯ್ಯುವುದು ಇವೆಲ್ಲಕ್ಕೂ ಬೇರೆಬೇರೆ ದರವನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಸ್ಕರ್ಟಿಂಗ್ ಮತ್ತು ಅಂಚಿನ ಕೆಲಸವನ್ನು ಉದ್ದದ ಅಡಿಗೆ ಲೆಕ್ಕ ಹಾಕುತ್ತಾರೆ ಎಂಬುದು ನೆನಪಿರಲಿ. ಹಣವನ್ನು ಹಂತಹಂತವಾಗಿ ಕೊಡಿ. ಕೊನೆಯ ಕಂತನ್ನು ತಟ್ಟಿ ನೋಡುವ ಪರೀಕ್ಷೆಯ ನಂತರಕ್ಕೆ ಇಟ್ಟುಕೊಳ್ಳಿ. ಹಳೆಯ ಮನೆಯ ನೆಲದಡಿಯಲ್ಲಿ ಏನು ಸಿಕ್ಕೀತೆಂದು ಒಡೆಯುವವರೆಗೆ ಗೊತ್ತಾಗದು, ಹಾಗಾಗಿ ಅಂದಾಜಿನ ಮೇಲೆ 15–20% ಹಣ ಕೈಯಲ್ಲಿರಬೇಕು.

ಕೆಲಸದ ಕ್ರಮ

ವಾಸವಿರುವ ಮನೆಯಾದರೆ ಅದನ್ನು ಎರಡು ಭಾಗ ಮಾಡಿಕೊಳ್ಳಿ. ಒಂದು ಬಚ್ಚಲು ಮತ್ತು ಒಲೆ ಹಚ್ಚುವ ಜಾಗ ಯಾವಾಗಲೂ ಬಳಕೆಯಲ್ಲಿರುವಂತೆ ಭಾಗ ಬರಬೇಕು. ಉಳಿದ ಭಾಗದ ಬಾಗಿಲುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಪುಸ್ತಕ, ಬಟ್ಟೆ, ವಿದ್ಯುತ್ ಉಪಕರಣಗಳನ್ನು ಮುಚ್ಚಿಡಿ. ಟೈಲ್, ಕಲ್ಲು, ಕಾಂಕ್ರೀಟುಗಳ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಕತ್ತರಿಸುವಾಗ ನೀರು ಹಾಕುವಂತೆ ಕೇಳಿ, ಕೆಲಸಗಾರರಿಗೆ ಎನ್-95 ಮುಖಗವಸನ್ನು ನೀವೇ ತಂದುಕೊಡಿ. ಈ ಖರ್ಚನ್ನು ಗುತ್ತಿಗೆಯವರ ಮೇಲೆ ಬಿಡಬಾರದು.

ಒಡೆಯುವಾಗ ಗೋಡೆಯಿಂದ ಒಂದು ಅಡಿ ದೂರದವರೆಗೆ ಉಳಿ, ಸುತ್ತಿಗೆಯನ್ನೇ ಬಳಸಬೇಕು. ನಡುಭಾಗಕ್ಕೆ ಯಂತ್ರ ಆಗಬಹುದು. ನಾಲ್ಕೂವರೆ ಅಂಗುಲದ ಅಡ್ಡಗೋಡೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅನೇಕ ಮನೆಗಳಲ್ಲಿ ಅವಕ್ಕೆ ಅಡಿಪಾಯವೇ ಇರುವುದಿಲ್ಲ, ನೆಲದ ಕಾಂಕ್ರೀಟಿನ ಮೇಲೆಯೇ ನಿಂತಿರುತ್ತವೆ. ಅವುಗಳ ಕೆಳಗೆ ಮತ್ತು ಎರಡೂ ಪಕ್ಕದ ಕಾಂಕ್ರೀಟನ್ನು ಮುಟ್ಟಬಾರದು. ಒಡೆದ ಕಸವನ್ನು ರಸ್ತೆ ಬದಿಗೋ ಕೆರೆಯಂಚಿಗೋ ಸುರಿಸುವುದು ಕಾನೂನಿಗೆ ವಿರುದ್ಧ. ನಿಮ್ಮ ನಗರಸಭೆ ಅಥವಾ ಪಾಲಿಕೆ ಗೊತ್ತುಪಡಿಸಿದ ಜಾಗವನ್ನು ಮೊದಲೇ ವಿಚಾರಿಸಿ, ಟ್ರ್ಯಾಕ್ಟರಿನವರಿಗೆ ಅದನ್ನೇ ಹೇಳಿ. ಸರಿಯಾಗಿ ಎದ್ದುಬಂದ ಕಲ್ಲುಚಪ್ಪಡಿಗಳನ್ನು ಹಿತ್ತಲಿಗೆ, ಒಗೆಯುವ ಜಾಗಕ್ಕೆ ಎತ್ತಿಡಿ.

ನೆಲ ತೆರೆದಿರುವ ಈ ಕೆಲವು ದಿನಗಳು ಮತ್ತೆ ಸಿಗುವುದಿಲ್ಲ. ನೆಲದಡಿಯ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ನೀರಿನ ಕೊಳವೆಗಳನ್ನು ಈಗಲೇ ಬದಲಿಸಿ, ಹೊಸ ಕೊಳವೆಗಳಿಗೆ ನೀರಿನ ಒತ್ತಡ ಕೊಟ್ಟು ಒಂದು ದಿನ ಬಿಟ್ಟು ಸೋರಿಕೆ ಪರೀಕ್ಷಿಸಿ. ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ನೀರು ಇಳಿಯುವ ಜಾಲರಿಯ ಬಾಯಿ) ಮತ್ತು ಹೊರಹರಿವಿನ ಕೊಳವೆಗಳದ್ದೂ ಇದೇ ಸಮಯ. ನೀರುನಿರೋಧಕ ಲೇಪನ ಹಚ್ಚಿದ ಮೇಲೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ ನೋಡದೆ ಬಚ್ಚಲಿನ ಟೈಲ್ ಹಾಸಲು ಬಿಡಬೇಡಿ. ಗೆದ್ದಲು ನಿವಾರಣೆಗೆ ಗೋಡೆ ಮತ್ತು ನೆಲ ಸೇರುವಲ್ಲಿ ಒಂದೊಂದು ಅಡಿಗೆ ರಂಧ್ರ ಕೊರೆದು ಔಷಧ ತುಂಬುವ ಕೆಲಸವನ್ನು ಪರವಾನಗಿಯುಳ್ಳವರಿಂದ ಮಾಡಿಸಿ. ಎಲ್ಲ ಕೊಳವೆ, ತಂತಿಗಳ ಪಕ್ಕ ಅಳತೆಪಟ್ಟಿ ಇಟ್ಟು, ಎರಡು ಗೋಡೆಗಳಿಂದ ಎಷ್ಟು ದೂರ ಎಂದು ಕಾಣುವಂತೆ ಫೋಟೋ ತೆಗೆದಿಡಿ.

ಕುಸಿದ ಮಣ್ಣಿದ್ದರೆ ಹೆಗ್ಗಣದ ಬಿಲಗಳನ್ನು ಕೊನೆಯವರೆಗೆ ತೋಡಿ, ಹೊರಗಿನ ಬಾಯಿಯನ್ನು ಕಲ್ಲು ಮತ್ತು ಕಾಂಕ್ರೀಟಿನಿಂದ ಮುಚ್ಚಬೇಕು. ಆಮೇಲೆ ಮೊರಂ (ಗರಸು) ಮಣ್ಣನ್ನು ಆರಾರು ಅಂಗುಲದ ಪದರಗಳಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಗಟ್ಟಿಯಾಗಿ ದಮ್ಮಸ್ಸು ಮಾಡಿಸಬೇಕು. ಎರಡು ಅಡಿ ಮಣ್ಣನ್ನು ಒಮ್ಮೆಗೇ ಸುರಿದು ಮೇಲೆ ಮಾತ್ರ ಬಡಿದರೆ ಮತ್ತೆ ಕುಸಿಯುತ್ತದೆ. ಅದರ ಮೇಲೆ ಒಂದು ಪಾಲು ಸಿಮೆಂಟ್, ನಾಲ್ಕು ಮರಳು, ಎಂಟು ಜಲ್ಲಿಯ ಕಾಂಕ್ರೀಟನ್ನು ಮೂರರಿಂದ ನಾಲ್ಕು ಅಂಗುಲ ಹಾಕಿ, ಏಳು ದಿನ ನೀರುಣಿಸಿ. ಕೆಲಸ ಬೇಗ ಮುಗಿಯಲೆಂದು ಈ ಏಳು ದಿನಗಳನ್ನು ಮೂರಕ್ಕಿಳಿಸಲು ಒತ್ತಡ ಬರುತ್ತದೆ, ಒಪ್ಪಬೇಡಿ.

ಹಾಸುವ ಮೊದಲು ಕೋಣೆಯ ಎರಡೂ ಕರ್ಣಗಳನ್ನು ಅಳೆಯಿರಿ. ಹಳೆಯ ಕೋಣೆಗಳು ಮೂಲೆಮಟ್ಟಕ್ಕೆ ಸರಿಯಾಗಿರುವುದು ವಿರಳ. ಎರಡು ಕರ್ಣಗಳ ನಡುವೆ ಒಂದೆರಡು ಅಂಗುಲ ವ್ಯತ್ಯಾಸವಿದ್ದರೆ ಗೋಡೆಯನ್ನು ಹಿಡಿದು ಸಾಲು ಆರಂಭಿಸಿದಾಗ ಎದುರುಗೋಡೆಯಲ್ಲಿ ಕೋರೆ ತುಂಡುಗಳು ಬರುತ್ತವೆ. ಆದ್ದರಿಂದ ಬಾಗಿಲಿನಿಂದ ಒಳಗೆ ಕಾಣುವ ಸಾಲನ್ನು ದಾರ ಹಿಡಿದು ನೇರ ಮಾಡಿಕೊಂಡು, ಅಂಟಿಲ್ಲದೆ ಎರಡು ಸಾಲು ಟೈಲ್‌ಗಳನ್ನು ಇಟ್ಟು ನೋಡಿ, ಕತ್ತರಿಸಿದ ತುಂಡುಗಳು ಮಂಚ, ಬೀರು ಬರುವ ಕಡೆಗೆ ಸೇರುವಂತೆ ನಿರ್ಧರಿಸಿ. ಎರಡಂಗುಲದ ಸಪೂರ ಪಟ್ಟಿ ಎಲ್ಲೂ ಉಳಿಯಬಾರದು. ಟೈಲ್‌ಗಳ ನಡುವೆ ಕನಿಷ್ಠ 2 ಮಿಲಿಮೀಟರ್ ಸಂದು, ಗೋಡೆಯ ಸುತ್ತ 5–6 ಮಿಲಿಮೀಟರ್ ಸಂದು ಬಿಡಬೇಕು. ಗೋಡೆಯ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಸಂದೇ ಇಲ್ಲದೆ ಒತ್ತಾಗಿ ಜೋಡಿಸಿದ ನೆಲ ಬೇಸಿಗೆಯ ಬಿಸಿಗೆ ಹಿಗ್ಗಿ, ಒಂದು ದಿನ ಸದ್ದು ಮಾಡಿ ಗುಡಾರದಂತೆ ಮೇಲೇಳುತ್ತದೆ. ದೊಡ್ಡ ಟೈಲ್‌ಗಳಿಗೆ ನೆಲದ ಮೇಲೆ ಹಲ್ಲಿನ ಕರಣೆಯಿಂದ ಅಂಟು ಎಳೆದು, ಟೈಲ್‌ನ ಬೆನ್ನಿಗೂ ತೆಳುವಾಗಿ ಬಳಿಯಬೇಕು. ಆರಂಭದಲ್ಲೇ ಒಂದು ಟೈಲನ್ನು ಎಬ್ಬಿಸಿ ನೋಡಿ. ನಡುವೆ ನಾಲ್ಕು ಗುಡ್ಡೆ ಹಾಕಿ ಮೂಲೆಗಳನ್ನು ಖಾಲಿ ಬಿಟ್ಟಿದ್ದರೆ ಅಲ್ಲೇ ನಿಲ್ಲಿಸಿ ಸರಿಪಡಿಸಿಸಿ.

ಅಂಟಿನಿಂದ ಹಾಸಿದ ನೆಲದ ಮೇಲೆ ಒಂದು ದಿನ ಯಾರೂ ನಡೆಯಬಾರದು. ಗಾರೆಯಲ್ಲಿ ಹಾಸಿದ್ದಾದರೆ ಒಂದು ವಾರ ಭಾರದ ಸಾಮಾನು ಇಡಬಾರದು. ಅಂಟು ಒಣಗಿದ ಮೇಲೆ ಸಂದುಗಳನ್ನು ತುಂಬಿಸಿ. ಅಡುಗೆಮನೆ ಮತ್ತು ಬಚ್ಚಲಿಗೆ ಸಿಮೆಂಟಿನ ಬದಲು ಎಪಾಕ್ಸಿ ಎಂಬ ರಾಳದಿಂದ ತುಂಬುವುದು ಒಳ್ಳೆಯದು, ಅದು ಎಣ್ಣೆ, ಅರಿಸಿನಗಳ ಕಲೆಯನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಬಾಗಿಲು ಕೊಯ್ದು ಕೂರಿಸಿದ ಮೇಲೆ ಗೋಡೆಯ ಕೊನೆಯ ಬಣ್ಣ. ಅಷ್ಟರಲ್ಲಿ ಒಂದು ವಾರ ಕಳೆದಿರುತ್ತದೆ. ಆಗ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಪ್ರತಿ ಟೈಲಿನ ನಾಲ್ಕು ಮೂಲೆಗಳನ್ನೂ ನಡುವನ್ನೂ ನಾಣ್ಯದಿಂದ ತಟ್ಟಿ, ಟೊಳ್ಳು ಬಂದುದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅವನ್ನು ಬದಲಿಸಿದ ಮೇಲೆ ಕೊನೆಯ ಕಂತು ಕೊಡಿ. ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಎಲ್ಲೂ ನಿಲ್ಲದೆ ಟ್ರ್ಯಾಪಿಗೆ ಹರಿಯುತ್ತದೆಯೇ ಎಂದು ನೋಡಿ. ಉಳಿದ ಪೆಟ್ಟಿಗೆಯ ಮೇಲೆ ಕೋಣೆಯ ಹೆಸರು, ಬ್ಯಾಚ್ ಸಂಖ್ಯೆ, ಹಾಸಿದ ತಿಂಗಳು ಬರೆದು ಅಟ್ಟದ ಮೇಲಿಡಿ. ಕೊಳವೆಗಳ ಫೋಟೋಗಳ ಒಂದು ಮುದ್ರಿತ ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಸೇರಿಸಿ.